ಸೋಯಾ ಎಲೆ ಬಿಸಿಲನ್ನು ಎಷ್ಟು ತಡೆಯುತ್ತದೆ ಅಂತಲೂ ಅಳೆಯಿರಿ

ಸಂಪಾದಕರೇ,

ಬಿಸಿಲಿಗೆ ಬೆಳೆ ಬಾಡುತ್ತಿರುವ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ಒಳ್ಳೆಯ ಬರಹ. ಆದರೆ ಅದರಲ್ಲಿ ಬಿಸಿಲು ಅಂದರೆ ಬರೀ ಸೆಕೆ ಮತ್ತು ನೀರಿನ ಕೊರತೆ ಅನ್ನುವ ಹಾಗಿದೆ. ಬಿಸಿಲಲ್ಲಿ ಕಣ್ಣಿಗೆ ಕಾಣದ್ದು ಇನ್ನೊಂದಿದೆ, ನೇರಳಾತೀತ ಕಿರಣ. ಅದರಲ್ಲಿ ಯುವಿ-ಬಿ ಅನ್ನುವ ಭಾಗ ಎಲೆಯೊಳಗಿನ ಡಿಎನ್‌ಎಯನ್ನೇ ಕೆಡಿಸುತ್ತದೆ. ನಾವು ತಲೆಗೆ ಟವೆಲ್ ಸುತ್ತಿಕೊಂಡು ಮರದ ಕೆಳಗೆ ಹೋಗಿ ಕೂರಬಹುದು, ಗಿಡ ನಿಂತಲ್ಲೇ ನಿಂತಿರಬೇಕು ಅಲ್ವಾ? ಅದಕ್ಕೇ ಅದು ಎಲೆಯ ಮೇಲಿನ ಪದರದಲ್ಲಿ ಫ್ಲೇವನಾಯ್ಡ್ ಅನ್ನುವ ವಸ್ತುಗಳನ್ನು ತುಂಬಿಕೊಳ್ಳುತ್ತದೆ. ಅವು ಯುವಿ-ಬಿಯನ್ನು ಬಾಗಿಲಲ್ಲೇ ಹಿಡಿಯುತ್ತವೆ, ಗಿಡ ಊಟ ಮಾಡಿಕೊಳ್ಳಲು ಬೇಕಾದ ಬೆಳಕನ್ನು ಮಾತ್ರ ಒಳಗೆ ಬಿಡುತ್ತವೆ.

ಈ ಕಾವಲು ಎಲ್ಲ ತಳಿಯಲ್ಲೂ ಒಂದೇ ಸಮ ಇರುವುದಿಲ್ಲ. ನಾನು ಬರೆಯಲು ಕೂತಿದ್ದೇ ಇದನ್ನು ಹೇಳೋಕೆ.

ನಾನು ಸೋಯಾ ಬೆಳೆಯುವವನು, ಹಾಗಾಗಿ ಸೋಯಾದ ಮಾತನ್ನೇ ಹೇಳುತ್ತೇನೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1980ರ ದಶಕದಲ್ಲಿ ಟೆರಮುರಾ ಅನ್ನುವ ವಿಜ್ಞಾನಿ ಮತ್ತು ಜೊತೆಯವರು ಆರು ವರ್ಷ ಹೊಲದಲ್ಲೇ ಪ್ರಯೋಗ ಮಾಡಿದರು. ಎರಡು ತಳಿ, ಎಸೆಕ್ಸ್ ಮತ್ತು ವಿಲಿಯಮ್ಸ್. ಮೇಲೆ ದೀಪ ಕಟ್ಟಿ, ಆಕಾಶದಲ್ಲಿ ಯುವಿ-ಬಿಯನ್ನು ತಡೆಯುವ ಓಝೋನ್ ಪದರ ತೆಳುವಾದರೆ ಎಷ್ಟು ಯುವಿ-ಬಿ ಬೀಳಬಹುದೋ ಅಷ್ಟನ್ನು ಎರಡಕ್ಕೂ ಕೊಟ್ಟರು. ಎಸೆಕ್ಸ್ ಇಳುವರಿ ಕೆಲವು ವರ್ಷ ನಾಲ್ಕನೇ ಒಂದು ಭಾಗದಷ್ಟು ಕಡಿಮೆಯಾಯಿತು. ವಿಲಿಯಮ್ಸ್ ಜಗ್ಗಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮಾತ್ರ ಎಸೆಕ್ಸ್‌ಗೆ ಬಿದ್ದ ಪೆಟ್ಟು ಎದ್ದು ಕಾಣಲಿಲ್ಲ, ಯಾಕೆಂದರೆ ಬರವೇ ದೊಡ್ಡ ಏಟು ಕೊಟ್ಟಿತ್ತು. ಒಂದೇ ವರ್ಷ ನೋಡಿ ತಳಿಯ ಬಗ್ಗೆ ತೀರ್ಪು ಕೊಡಬಾರದು ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ಅದಕ್ಕಿಂತ ನನ್ನ ಮನಸ್ಸಲ್ಲಿ ಕೂತಿರುವುದು ಕ್ಲಾರ್ಕ್ ಅನ್ನುವ ತಳಿಯ ಕತೆ. ಕ್ಲಾರ್ಕ್ ಹೂವು ನೇರಳೆ. ಅದರದೇ ಇನ್ನೊಂದು ರೂಪ ಇದೆ, ಹೂವು ಕೆಂಪು ಕಡೆಗೆ ವಾಲಿದ ಮೆಜೆಂಟಾ ಬಣ್ಣ. ಉಳಿದಂತೆ ಎರಡೂ ಹೆಚ್ಚುಕಡಿಮೆ ಒಂದೇ ಗಿಡ. ಆದರೆ ಮೆಜೆಂಟಾ ಗಿಡದಲ್ಲಿ ಒಂದು ಜೀನ್ ಕೆಟ್ಟಿದೆ. ಫ್ಲೇವನಾಲ್ ಅನ್ನುವ ವಸ್ತು ಮಾಡುವ ಜೀನ್ ಅದು. ಫ್ಲೇವನಾಲ್ ಅಂದರೆ ಮೇಲೆ ಹೇಳಿದ ಫ್ಲೇವನಾಯ್ಡ್‌ಗಳಲ್ಲೇ ಒಂದು ಬಗೆ. ಫ್ಲೇವನಾಲ್‌ಗೆ ನಮ್ಮ ಕಣ್ಣಿಗೆ ಕಾಣುವಂಥ ದೊಡ್ಡ ಬಣ್ಣವೇನೂ ಇಲ್ಲ, ಆದರೆ ಹೂವಿನಲ್ಲಿ ಬೇರೆ ಬಣ್ಣದ ಜೊತೆ ಸೇರಿ ಅದನ್ನು ನೇರಳೆ ಮಾಡುತ್ತದೆ, ಎಲೆಯಲ್ಲಿ ಯುವಿಯನ್ನು ತಡೆಯುತ್ತದೆ. ಅದು ಕಡಿಮೆಯಾದಾಗ ಹೂವಿನ ಬಣ್ಣವೂ ಬದಲಾಯಿತು, ಯುವಿ-ಬಿ ಹೊಡೆತವನ್ನೂ ಗಿಡ ತಾಳಲಿಲ್ಲ. ಎಲೆಗೆ ಕೊಡೆ ಇಲ್ಲ ಅನ್ನೋದನ್ನು ಹೂವೇ ಹೇಳಿದ ಹಾಗೆ! ಭತ್ತದಲ್ಲೂ ಇಂಥದ್ದೇ ಇದೆ, ಅಲ್ಲಿ ಫ್ಲೇವೋನ್ ಅನ್ನುವ ಇನ್ನೊಂದು ಬಗೆಯ ಫ್ಲೇವನಾಯ್ಡ್. ಫ್ಲೇವೋನ್‌ಗೆ ಸಕ್ಕರೆ ಅಂಟಿಸುವ ಜೀನ್‌ಗಳು ತಳಿಯಿಂದ ತಳಿಗೆ ಬೇರೆ, ಯುವಿ ತಾಳುವ ಶಕ್ತಿಯೂ ಅದರಂತೆ ಬೇರೆ ಅಂತ ಚೀನಾದ ವಿಜ್ಞಾನಿಗಳು 2017ರಲ್ಲಿ ತೋರಿಸಿದ್ದಾರೆ.

ಇನ್ನು ನಮ್ಮ ಬೀದರ್. ಮೇರಿಲ್ಯಾಂಡ್ ಇರುವುದು ಸುಮಾರು 39 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನಾವು ಸುಮಾರು 18ರಲ್ಲಿ. ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿ ಮೇಲೇ ಹಾಯುತ್ತಾನೆ, ಅದರಲ್ಲಿ ಎರಡನೇ ಸಲ ಜುಲೈ ಕೊನೆಗೆ, ಸೋಯಾ ಹೊಲದಲ್ಲಿದ್ದಾಗಲೇ. ಓಝೋನ್ ಕೂಡ ನಮ್ಮ ಕಡೆ ತೆಳು, ಹಾಗಾಗಿ ಯುವಿ-ಬಿ ನಮಗೇ ಜಾಸ್ತಿ. ಮುಂಗಾರಿನ ಮೋಡ ಇದ್ದಷ್ಟು ದಿನ ಸರಿ, ಆದರೆ ಗಿಡ ತನಗೆ ಬಿದ್ದ ಬೆಳಕು ನೋಡಿಕೊಂಡು ಈ ಫ್ಲೇವನಾಯ್ಡ್ ಕಾವಲನ್ನು ಜಾಸ್ತಿ ಕಡಿಮೆ ಮಾಡಿಕೊಳ್ಳುತ್ತದೆ, ಹಾಗಾಗಿ ಮೋಡದಲ್ಲಿ ಬೆಳೆದ ಎಳೆ ಎಲೆಗೆ ಕಾವಲು ತೆಳು.

ಹೋದ ಆಗಸ್ಟ್‌ನಲ್ಲಿ ಎಂಟು ದಿನ ಜಿಟಿಜಿಟಿ ಹಿಡಿದು, ಒಂಬತ್ತನೇ ದಿನ ಒಮ್ಮೆಲೇ ರಣಬಿಸಿಲು ಬಿತ್ತು. ಮೂರು ದಿನ ಬಿಟ್ಟು ನೋಡಿದರೆ ತುದಿಯ ಎಲೆಗಳ ಮೇಲ್ಮೈ ಕಂಚಿನ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಸವರಿದರೆ ಒರಟು. ಮೇಲಿನ ಎಲೆಯ ನೆರಳು ಬಿದ್ದಿದ್ದ ಕಡೆ ಮಾತ್ರ ಹಸಿರು ಹಾಗೇ ಉಳಿದಿತ್ತು. ಇದು ಯುವಿಯಿಂದಲೇ ಆಯಿತು ಅಂತ ನಾನು ಆಣೆ ಮಾಡಲಾರೆ, ಥ್ರಿಪ್ಸ್ ಅನ್ನುವ ಸಣ್ಣ ಹುಳ ಬಿದ್ದರೂ ಎಲೆ ಕಂಚಾಗುತ್ತದೆ. ಆದರೆ ಬದುವಿನ ಆಚೆ ಇನ್ನೊಂದು ತಳಿ ಇತ್ತು, ಅದಕ್ಕೆ ಇಷ್ಟು ಆಗಿರಲಿಲ್ಲ. ಬೀಜ ಕೊಟ್ಟ ಕಡೆ ಕೇಳಿದೆ. "ಔಷಧಿ ಹೊಡೀರಿ" ಅಂದರು. ಯಾವ ಔಷಧಿ, ಯಾತಕ್ಕೆ? ಎಲೆಯನ್ನು ಕೈಗೆ ತೆಗೆದುಕೊಂಡೂ ನೋಡಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಹೊಸ ತಳಿ ಬಂದಾಗ ನಮಗೆ ಹೇಳುವುದು ಎಷ್ಟು ದಿನದ ಬೆಳೆ, ಎಷ್ಟು ಕ್ವಿಂಟಾಲ್, ತುಕ್ಕು ರೋಗ ತಡೆಯುತ್ತದೋ ಇಲ್ಲವೋ. ಇದೆಲ್ಲ ಬೇಕು. ಇದರ ಜೊತೆ ಎಲೆಯ ಫ್ಲೇವನಾಲ್ ಅನ್ನೂ ಅಳೆದು ಹೇಳಲಿ. ಎಲೆ ಕೀಳದೆ, ಕ್ಲಿಪ್ ಹಾಗೆ ಕಚ್ಚಿಸಿ ಕ್ಷಣದಲ್ಲಿ ಅಳೆಯುವ ಉಪಕರಣ ಇದೆ, ಸಂಶೋಧನೆ ಮಾಡುವವರು ಬಳಸುತ್ತಲೇ ಇದ್ದಾರೆ. ಜಾಸ್ತಿ ಫ್ಲೇವನಾಲ್ ಇದ್ದ ತಳಿಯೇ ಜಾಸ್ತಿ ಇಳುವರಿ ಕೊಡುತ್ತದೆ ಅಂತ ನಾನು ಹೇಳುತ್ತಿಲ್ಲ, ಅದನ್ನು ಮಾಡಿಕೊಳ್ಳಲು ಗಿಡಕ್ಕೂ ಖರ್ಚಿದೆ. ಅದಕ್ಕೇ ನಮ್ಮ ಹೊಲದಲ್ಲೇ, ಮೂರ್ನಾಲ್ಕು ವರ್ಷ ನೋಡಬೇಕು ಅನ್ನುತ್ತಿದ್ದೇನೆ. ಜೆಎಸ್-335 ಇರಲಿ, ಧಾರವಾಡದ ಡಿಎಸ್‌ಬಿ-21 ಇರಲಿ, ಮಧ್ಯ ಭಾರತದ ಕಾಲಿತೂರ್ ಅನ್ನುವ ಹಳೆಯ ಕಪ್ಪು ಸೋಯಾ ಇರಲಿ, ಎಲ್ಲವನ್ನೂ ಪಕ್ಕಪಕ್ಕದ ಸಾಲಲ್ಲಿ ಹಾಕಿ ಅಳೆಯಲಿ. ಜಾಗ ಬೇಕಿದ್ದರೆ ನನ್ನ ಹೊಲದಲ್ಲಿ ಅರ್ಧ ಎಕರೆ ಬಿಟ್ಟುಕೊಡುತ್ತೇನೆ, ಜೂನ್‌ನಲ್ಲಿ ಬಿತ್ತನೆಗೆ ಮೊದಲು ಬಂದರೆ ಸಾಕು.

— ಒಬ್ಬ ಸೋಯಾ ಬೆಳೆಗಾರ, ಬೀದರ್ ಜಿಲ್ಲೆ