ಇಂಗ್ಲಿಷ್ ಪಾಠದಲ್ಲಿ ಒತ್ತಿನ ಗುರುತೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಕನ್ನಡ ಪತ್ರಿಕೆಗಳ ಶಿಕ್ಷಣ ಪುಟದಲ್ಲಿ ಬರುವ ‘ಇಂಗ್ಲಿಷ್ ಮಾತಾಡಿ’ ಬಗೆಯ ಅಂಕಣಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು: ಒಂದು ಇಂಗ್ಲಿಷ್ ವಾಕ್ಯ, ಕನ್ನಡ ಲಿಪಿಯಲ್ಲಿ ಅದರ ಉಚ್ಚಾರ, ಕೆಳಗೆ ಅರ್ಥ. ಈಗಷ್ಟೇ ಕಲಿಯುವವರಿಗೆ ಇಷ್ಟು ಸಾಕು. ಆದರೆ ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಕೆಲಸ ಮಾಡುತ್ತ, ವ್ಯಾಕರಣ ತಪ್ಪದೆ ಬರೆಯಬಲ್ಲ ಕನ್ನಡಿಗರೂ ಬಹಳ ಮಂದಿ ಇದ್ದಾರೆ. ಹೊರದೇಶದವರ ಜತೆ ಫೋನಿನಲ್ಲಿ ಮಾತಾಡುವಾಗ ‘ಸಾರಿ, ಇನ್ನೊಮ್ಮೆ ಹೇಳ್ತೀರಾ?’ ಎಂಬ ಮಾತು ಅವರನ್ನು ಬಿಟ್ಟಿಲ್ಲ. ಅದಕ್ಕೆ ಮದ್ದೆಂದು ಅವರು ಸೇರುವ ಆ್ಯಕ್ಸೆಂಟ್ ಕ್ಲಾಸುಗಳು ನಾಲಿಗೆ ಮಡಚಿ ‘ರ್’ ಹೇಳುವುದನ್ನೂ ‘ಗೊನ್ನಾ, ವಾನ್ನಾ’ಗಳನ್ನೂ ಕಲಿಸುತ್ತವೆ. ರೋಗ ಒಂದು ಕಡೆ, ಲೇಪ ಇನ್ನೊಂದು ಕಡೆ.

ಇಂದು ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಎಂದು ಕರೆಸಿಕೊಳ್ಳುವ ಹೈದರಾಬಾದಿನ ಸಂಸ್ಥೆಯಿಂದ 1969ರಲ್ಲೇ ಆರ್. ಕೆ. ಬನ್ಸಾಲ್ ಅವರ ಅಧ್ಯಯನವೊಂದು ಪ್ರಕಟವಾಗಿತ್ತು. ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದಿರುವುದಕ್ಕೆ ಅವರು ಕಂಡ ಮುಖ್ಯ ಕಾರಣಗಳಲ್ಲಿ ಒಂದು, ಪದದೊಳಗೆ ಒತ್ತು ತಪ್ಪಾದ ಜಾಗದಲ್ಲಿ ಬೀಳುವುದು. ಒತ್ತು ಎಂದರೆ ನಮಗೆ ಥಟ್ಟನೆ ಹೊಳೆಯುವುದು ಒತ್ತಕ್ಷರ, ತೊಡಕು ಅಲ್ಲಿಂದಲೇ ಶುರುವೆನ್ನಬಹುದು! ಇಲ್ಲಿ ಹೇಳುತ್ತಿರುವುದು ದನಿಯ ಒತ್ತು. ಪದದ ಒಂದು ಉಚ್ಚಾರಾಂಶ (ಸಿಲಬಲ್) ಉಳಿದವಕ್ಕಿಂತ ಉದ್ದವಾಗಿ, ಎತ್ತರವಾಗಿ, ಸ್ಪಷ್ಟವಾಗಿ ಕೇಳುವುದು. ಕನ್ನಡದಲ್ಲಿ ಒತ್ತಿನ ಜಾಗ ಬದಲಾದರೆ ಪದದ ಅರ್ಥ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಗಮನಿಸುವುದೂ ಇಲ್ಲ. ಇಂಗ್ಲಿಷರ ಕಿವಿಯಾದರೋ ಪದವನ್ನು ಗುರುತು ಹಿಡಿಯುವುದೇ ಒತ್ತಿನ ಜಾಡು ಹಿಡಿದು.

‘ಡೆವಲಪ್’ ಎಂದು ನಾವು ಮೊದಲ ಅಕ್ಷರ ಒತ್ತುತ್ತೇವೆ. ಅದು ‘ಡಿ-ವೆ-ಲಪ್’, ಭಾರ ‘ವೆ’ ಮೇಲೆ. ‘ಕಾಂಪೊನೆಂಟ್’ ಅಲ್ಲ, ‘ಕಂ-ಪೋ-ನಂಟ್’, ಭಾರ ‘ಪೋ’ ಮೇಲೆ. ‘ಹೋಟೆಲ್’, ‘ಇವೆಂಟ್’ ಎರಡಕ್ಕೂ ಒತ್ತು ಕೊನೆಯಲ್ಲಿ. ‘ಕಲೀಗ್’ಗೆ ಮಾತ್ರ ಮೊದಲಲ್ಲಿ. ಎಲ್ಲವನ್ನೂ ಉರು ಹೊಡೆಯಬೇಕಿಲ್ಲ. ‘-ಷನ್’, ‘-ಇಕ್’, ‘-ಇಟಿ’ ಎಂದು ಮುಗಿಯುವ ಪದಗಳಲ್ಲಿ ಒತ್ತು ಬೀಳುವುದು ಆ ಬಾಲದ ಹಿಂದಿನ ಉಚ್ಚಾರಾಂಶದ ಮೇಲೆ: ಅಪ್ಲಿ‘ಕೇ’ಷನ್, ಅಕ‘ಡೆ’ಮಿಕ್, ಅ‘ಬಿ’ಲಿಟಿ. ‘ಅರೇಬಿಕ್’, ‘ಪಾಲಿಟಿಕ್ಸ್’ನಂಥ ಕೆಲವು ಇದಕ್ಕೆ ಹೊರತು. ‘-ಈ’, ‘-ಈರ್’ ಎಂದು ಕೊನೆಯಾಗುವ ಎಂಪ್ಲಾಯೀ, ಎಂಜಿನೀರ್‌ಗಳಲ್ಲಿ ಬಾಲವೇ ಒತ್ತನ್ನು ಎಳೆದುಕೊಳ್ಳುತ್ತದೆ. ರೆಕಾರ್ಡ್, ಪ್ರೆಸೆಂಟ್, ಆಬ್ಜೆಕ್ಟ್‌ಗಳು ನಾಮಪದವಾದಾಗ ಒತ್ತು ಮೊದಲಿಗೆ, ಕ್ರಿಯಾಪದವಾದಾಗ ಎರಡನೆಯದಕ್ಕೆ. ಇದನ್ನೇ ಸೂತ್ರ ಮಾಡಿಕೊಂಡು ‘ರಿಪೋರ್ಟ್’ಗೂ ಹಚ್ಚಬಾರದು, ಅಲ್ಲಿ ಎರಡೂ ಅರ್ಥಕ್ಕೆ ಒತ್ತು ಎರಡನೆಯದಕ್ಕೇ. ಅನುಮಾನ ಬಂದರೆ ನಿಘಂಟು ತೆಗೆದು ಉಚ್ಚಾರದ ಸಾಲಿನಲ್ಲಿ ಮೇಲ್ಗಡೆ ಇರುವ ಸಣ್ಣ ಗೀಟು ನೋಡಬೇಕು. ಅದರ ಬಲಗಡೆ ಇರುವುದೇ ಒತ್ತಿನ ಭಾಗ. ಕೇಂಬ್ರಿಜ್ ನಿಘಂಟಿನ ಜಾಲತಾಣದಲ್ಲಿ ಬ್ರಿಟಿಷ್, ಅಮೆರಿಕನ್ ಎರಡೂ ಉಚ್ಚಾರಗಳನ್ನು ಬಿಟ್ಟಿಯಾಗಿ ಕೇಳಬಹುದು.

ಒತ್ತು ಸರಿಹೋದರೂ ಅರ್ಧ ಕೆಲಸ ಬಾಕಿ ಇರುತ್ತದೆ, ಏಕೆಂದರೆ ಒತ್ತಿಲ್ಲದ ಭಾಗಗಳು ಕುಗ್ಗಬೇಕು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದವರಿಗೆ ಇದು ಸುಲಭವಾಗಿ ತಿಳಿದೀತು. ಲಘುವಿಗೆ 1 ಮಾತ್ರೆ, ಗುರುವಿಗೆ 2, ಭಾಮಿನಿಯಾದರೆ 3+4ರ ನಡೆ; ಯಾವ ಅಕ್ಷರವೂ ತನ್ನ ಪಾಲು ಬಿಟ್ಟುಕೊಡುವುದಿಲ್ಲ. ಇಂಗ್ಲಿಷಿನಲ್ಲಿ ಒತ್ತಿಲ್ಲದ ಅಕ್ಷರಕ್ಕೆ ಪೂರ್ತಿ ಒಂದು ಮಾತ್ರೆಯೂ ದಕ್ಕುವುದಿಲ್ಲ. ಅದರ ಸ್ವರ ಸವೆದು, ‘ಅ’ಕಾರಕ್ಕೂ ಕಡಿಮೆಯಾದ ಒಂದು ಮಸುಕು ದನಿಯಾಗುತ್ತದೆ. ‘ಕಂಫರ್ಟೇಬಲ್’ ಎಂಬುದು ‘ಕಂಫ್-ಟ-ಬ್ಲ್’, ಮೂರೇ ತುಂಡು. ‘ಪರ್ಪಸ್’ನ ಕೊನೆ ‘ಪೋಸ್’ ಅಲ್ಲ. ಟು, ಆಫ್, ಫಾರ್, ಅಂಡ್, ವಾಸ್, ಹ್ಯಾವ್‌ಗಳಂಥ ಪುಡಿ ಪದಗಳ ಗತಿಯೂ ಇದೇ: ‘ಫಿಶ್ ಅಂಡ್ ಚಿಪ್ಸ್’ ಕೇಳುವುದು ‘ಫಿಶ್‌ನ್ ಚಿಪ್ಸ್’ ಎಂದು.

ಇದರಲ್ಲಿ ಎಡವಿದರೆ ಅರ್ಥವೇ ಉಲ್ಟಾ ಆಗುವ ಒಂದು ಜಾಗವಿದೆ. ‘ಐ ಕ್ಯಾನ್ ಡೂ ಇಟ್’ ಎಂಬಲ್ಲಿ ಭಾರ ‘ಡೂ’ ಮೇಲೆ, ‘ಕ್ಯಾನ್’ ಬರೀ ‘ಕ್ನ್’. ‘ಕಾಂಟ್’ ಆದರೆ ಪೂರ್ತಿ ಸ್ವರ, ಪೂರ್ತಿ ಒತ್ತು. ಅಮೆರಿಕನ್ನರು ಅದನ್ನು ‘ಕ್ಯಾಂಟ್’ ಎನ್ನುತ್ತಾರೆ, ಕೊನೆಯ ‘ಟ್’ ಅನೇಕ ಸಲ ಗಂಟಲಲ್ಲೇ ಉಳಿಯುತ್ತದೆ. ಹೀಗಿರುವಾಗ ನಾವು ‘ಕ್ಯಾನ್’ ಅನ್ನು ಗಟ್ಟಿಯಾಗಿ, ಉದ್ದವಾಗಿ ಹೇಳಿದರೆ ಆಚೆ ಬದಿಯವರು ‘ಇವರ ಕೈಲಾಗದಂತೆ’ ಎಂದುಕೊಳ್ಳುತ್ತಾರೆ. ಗಡುವು ಒಪ್ಪಿಕೊಳ್ಳುವ ಮೀಟಿಂಗಿನಲ್ಲಿ ಇದು ಸಣ್ಣ ವಿಷಯವಲ್ಲ.

ಇನ್ನು ವಾಕ್ಯದ ಒತ್ತು. ಈ ಪತ್ರದ ಮುಖ್ಯ ಮಾತೂ ಇದೇ. ‘ಟುಡೇ ಓನ್ಲಿ’, ‘ಮಾರ್ನಿಂಗ್ ಇಟ್‌ಸೆಲ್ಫ್’ ಎಂದು ನಮ್ಮವರು ಹೇಳಿದರೆ ಅದನ್ನು ಹಾಸ್ಯ ಮಾಡುವವರೇ ಹೆಚ್ಚು, ಕಾರಣ ಹೇಳುವವರು ಕಡಿಮೆ. ಅದು ಕನ್ನಡದ ‘ಏ’ ಪ್ರತ್ಯಯದ ಅನುವಾದ: ಇವತ್ತೇ, ಬೆಳಿಗ್ಗೆಯೇ. ‘ನಾನೇ ನಿನ್ನೆ ಅವರಿಗೆ ಕಳಿಸಿದೆ’, ‘ನಾನು ನಿನ್ನೆಯೇ ಅವರಿಗೆ ಕಳಿಸಿದೆ’, ‘ನಾನು ನಿನ್ನೆ ಅವರಿಗೇ ಕಳಿಸಿದೆ’. ಪ್ರತ್ಯಯ ಜಾಗ ಬದಲಿಸಿದ ಹಾಗೆ ಒತ್ತಿ ಹೇಳುವ ವಿಷಯವೂ ಬದಲಾಯಿತು. ಇಂಗ್ಲಿಷಿನಲ್ಲಿ ಈ ಕೆಲಸವನ್ನು ದನಿ ಮಾಡುತ್ತದೆ. ‘ಐ ಸೆಂಟ್ ಇಟ್ ಟು ಹಿಮ್ ಯೆಸ್ಟರ್ಡೇ’ ಎಂಬ ಒಂದೇ ವಾಕ್ಯದಲ್ಲಿ ಒಮ್ಮೆ ‘ಐ’, ಒಮ್ಮೆ ‘ಯೆಸ್ಟರ್ಡೇ’, ಒಮ್ಮೆ ‘ಹಿಮ್’ ಎತ್ತಿ ಹೇಳಿದರೆ ಆ ಮೂರೂ ಕನ್ನಡ ವಾಕ್ಯಗಳು ಬಂದುಬಿಡುತ್ತವೆ. ‘ಓನ್ಲಿ’ ಬೇಕಾಗಿಯೇ ಇಲ್ಲ. ಅಭ್ಯಾಸಕ್ಕೂ ಇದೇ ಉಪಾಯ: ಹೇಳಬೇಕಾದ ವಾಕ್ಯವನ್ನು ಮೊದಲು ಕನ್ನಡದಲ್ಲಿ ಅಂದುಕೊಳ್ಳಿ, ‘ಏ’ ಎಲ್ಲಿ ಬಿತ್ತೆಂದು ನೋಡಿ, ಇಂಗ್ಲಿಷಿನಲ್ಲಿ ಆ ಪದದ ಮೇಲೆ ದನಿ ಏರಿಸಿ, ಅದರ ನಂತರದ್ದನ್ನೆಲ್ಲ ತಗ್ಗಿಸಿ. ತಗ್ಗಿಸುವುದನ್ನು ಮರೆತರೆ ಏರಿಸಿದ್ದು ಕೇಳುವುದೇ ಇಲ್ಲ. ಕನ್ನಡ ಬಲ್ಲವರಿಗೆ ಕನ್ನಡವೇ ದಾರಿ ತೋರುವ ಇಂಥ ಜಾಗಗಳನ್ನು ಬಿಟ್ಟು, ಮಾತೃಭಾಷೆಯನ್ನು ಮರೆತು ಇಂಗ್ಲಿಷಿನಲ್ಲೇ ಯೋಚಿಸಿ ಎಂದು ಉಪದೇಶ ಮಾಡುವುದು ದಂಡ.

ಕನ್ನಡ ವ್ಯಾಕರಣ ಒಳಗಿಂದ ಎಳೆಯುವ ಇನ್ನೂ ಕೆಲವು ಕಡೆಗಳಿವೆ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬುದು ‘ಐ ಹ್ಯಾಡ್ ಗಾನ್’ ಆಗುತ್ತದೆ. ಕೇಳುವವರು ಆಮೇಲೆ ಇನ್ನೇನೋ ಆಯಿತೆಂದು ಕಾಯುತ್ತ ಕೂರುತ್ತಾರೆ. ‘ಐ ವೆಂಟ್’ ಸಾಕು. ‘ಐದು ವರ್ಷದಿಂದ ಮಾಡ್ತಾ ಇದ್ದೀನಿ’ ಎಂಬುದಕ್ಕೆ ‘ಐ ಆ್ಯಮ್ ವರ್ಕಿಂಗ್ ಸಿನ್ಸ್’ ಅಲ್ಲ, ‘ಐವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’. ‘ಹಾಕು’ ಎಂಬ ಒಂದೇ ಕ್ರಿಯಾಪದದಿಂದ ನಾವು ರಜೆ ಹಾಕುತ್ತೇವೆ, ಲೈಟ್ ಹಾಕುತ್ತೇವೆ, ಫೋಟೋ ಹಾಕುತ್ತೇವೆ, ಅಂಗಿಯನ್ನೂ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಎಲ್ಲದಕ್ಕೂ ‘ಪುಟ್’ ನಡೆಯುವುದಿಲ್ಲ. ಟೇಕ್, ಟರ್ನ್ ಆನ್, ಪೋಸ್ಟ್, ಪುಟ್ ಆನ್ ಎಂದು ಒಂದೊಂದಕ್ಕೂ ಬೇರೆ ಬೇರೆ.

‘ಹ್ಯಾವಂಟ್ ಯು ಸೆಂಟ್ ಇಟ್?’ ಎಂದು ಕೇಳಿದಾಗ ‘ಹೌದು, ಕಳಿಸಿಲ್ಲ’ ಎಂಬ ಅರ್ಥದಲ್ಲಿ ‘ಯೆಸ್’ ಅನ್ನುವುದು ಹಳೇ ಚಾಳಿ. ಆಚೆಯವರು ಕಳಿಸಿದ್ದಾರೆಂದೇ ತಿಳಿಯುತ್ತಾರೆ. ಕಳಿಸದಿದ್ದರೆ ‘ನೋ, ಐ ಹ್ಯಾವಂಟ್’ ಎಂದು ಪೂರ್ತಿ ಹೇಳುವುದು ಕ್ಷೇಮ. ‘ಕಳಿಸಿಕೊಡಿ’ ಎಂಬಲ್ಲಿ ವಿನಯವೆಲ್ಲ ಕ್ರಿಯಾಪದದಲ್ಲೇ ಇದೆ. ಅದನ್ನು ‘ಪ್ಲೀಸ್ ಸೆಂಡ್’ ಮಾಡಿದರೆ ‘ಪ್ಲೀಸ್’ ಇದ್ದೂ ಅದು ಅಪ್ಪಣೆಯಂತೆಯೇ ಕೇಳುತ್ತದೆ, ‘ಕುಡ್ ಯು ಸೆಂಡ್’ ಎಂದರೆ ಬಿಗಿ ಸಡಿಲುತ್ತದೆ. ‘ಔಟ್ ಆಫ್ ಸ್ಟೇಷನ್’, ‘ಪ್ರೀಪೋನ್’, ‘ಐ ಹ್ಯಾವ್ ಎ ಡೌಟ್’ಗಳ ಬಗ್ಗೆ ಇಲ್ಲಿ ತಕರಾರಿಲ್ಲ. ನಮ್ಮ ನಡುವೆ ಅವು ಚೊಕ್ಕ ಇಂಗ್ಲಿಷೇ. ಲಂಡನ್ನಿಗೋ ಷಿಕಾಗೋಗೋ ಫೋನ್ ಮಾಡಿದಾಗ ಮಾತ್ರ ‘ಡೌಟ್’ ಬದಲು ‘ಕ್ವೆಶ್ಚನ್’ ಇರಲಿ. ಅಲ್ಲಿ ‘ಡೌಟ್’ ಎಂದರೆ ಅಪನಂಬಿಕೆ.

ಬಿಡಿ ದನಿಗಳಲ್ಲಿ ಸರಿಮಾಡಲೇಬೇಕಾದ್ದು ಮೂರ್ನಾಲ್ಕು. ನಮ್ಮಲ್ಲಿ ಕತೆ ಬೇರೆ, ಕತ್ತೆ ಬೇರೆ. ಇಂಗ್ಲಿಷಿನ ‘ಸಮರ್’ (ಬೇಸಿಗೆ) ಪದದ ಸ್ಪೆಲ್ಲಿಂಗಿನಲ್ಲಿ ಎರಡು ‘ಎಮ್’ ಇದ್ದರೂ ದನಿ ಒಂದೇ. ಅದನ್ನು ‘ಸಮ್ಮರ್’ ಎಂದು ಒತ್ತಿ ಹೇಳಿದೊಡನೆ ಊರು ಯಾವುದೆಂದು ಗೊತ್ತಾಗುತ್ತದೆ. ‘ಪೆನ್’, ‘ಟೈಮ್’, ‘ಕೀ’ಗಳ ಮೊದಲ ದನಿಗೆ ಉಸಿರು ಬೇಕು, ಹೆಚ್ಚುಕಡಿಮೆ ಮಹಾಪ್ರಾಣದಂತೆ (‘ಫಲ’ದ ಫ, ‘ಫೋನ್’ನದಲ್ಲ). ತುಟಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿದು ‘ಪೆನ್’ ಎಂದರೆ ಅದು ಅಲುಗಬೇಕು. ಅಲುಗದಿದ್ದರೆ ಇಂಗ್ಲಿಷರಿಗೆ ‘ಬೆನ್’ ಎಂದು ಕೇಳೀತು. ಹಿಂದೆ ‘ಸ’ ಇದ್ದರೆ, ‘ಸ್ಪಿನ್’ನಂತೆ, ಉಸಿರು ಬೇಡ. ನಾವು ಒಂದೇ ‘ವ’ದಿಂದ ಬರೆಯುವ ‘ವೆಸ್ಟ್’ಗಳು ಎರಡಿವೆ: ಒಳಅಂಗಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಪಶ್ಚಿಮಕ್ಕೆ ಹಲ್ಲು ತಾಗದೆ ತುಟಿ ದುಂಡಗಾಗಬೇಕು. ‘ಯೆಗ್’, ‘ವೋನ್ಲಿ’ ಎಂದು ಸ್ವರದ ಮುಂದೆ ಯ, ವ ನುಸುಳುವುದನ್ನೂ ತಡೆಯಬೇಕು.

ಅಭ್ಯಾಸಕ್ಕೆ ದಿನಕ್ಕೆ 10 ನಿಮಿಷ ಸಾಕು, ಆದರೆ ವಾರವಿಡೀ ಒಂದೇ ತುಣುಕು. ಬರಹರೂಪವೂ ಸಿಗುವ, ಸಹಜವಾಗಿ ಮಾತಾಡಿದ 30 ಸೆಕೆಂಡಿನ ಆಡಿಯೊ ಆರಿಸಿ. ಬಿಬಿಸಿಯ ‘6 ಮಿನಿಟ್ ಇಂಗ್ಲಿಷ್’ ಆದೀತು. ಸಿನಿಮಾ ಡೈಲಾಗ್ ಬೇಡ. ಮೂರು ಸಲ ಬರೀ ಕೇಳಿ. ಆಮೇಲೆ ಬರಹ ನೋಡುತ್ತ ಒತ್ತು ಬಿದ್ದ ಪದಗಳಿಗೆ ಗೆರೆ ಎಳೆಯಿರಿ, ಬಿಡುವು ಕೊಟ್ಟಲ್ಲಿ ಅಡ್ಡಗೀಟು ಹಾಕಿ. ಬಳಿಕ ಮಾತಾಡುವವರ ನೆರಳಿನಂತೆ ಅರ್ಧ ಸೆಕೆಂಡ್ ಹಿಂದೆ ನೀವೂ ಹೇಳುತ್ತ ಹೋಗಿ, ಕೊನೆಗೆ ಫೋನಿನಲ್ಲಿ ರೆಕಾರ್ಡ್ ಮಾಡಿ ಹೋಲಿಸಿ. ವೇಗ 0.75ಕ್ಕೆ ಇಳಿಸಿ ಒಂದೆರಡು ಬಾರಿ ಕೇಳಬಹುದು, ಅದೇ ವೇಗದಲ್ಲಿ ಹೇಳಿ ರೂಢಿ ಮಾಡಿಕೊಂಡರೆ ಸವೆಯಬೇಕಾದ ಸ್ವರಗಳು ಮತ್ತೆ ಮೈತುಂಬಿಕೊಳ್ಳುತ್ತವೆ. ಅತಿವೇಗವೂ ಕೆಡುಕೇ. ಎಲ್ಲ ಅಕ್ಷರಕ್ಕೂ ಸಮಪಾಲು ಕೊಟ್ಟು ಜೋರಾಗಿ ಓಡಿದರೆ ತಗಡಿನ ಮೇಲೆ ಮಳೆ ಬಿದ್ದಂತಿರುತ್ತದೆ.

ಪತ್ರಿಕೆಗಳಲ್ಲಿ ನನ್ನ ಕೋರಿಕೆ ಸಣ್ಣದು. ಕನ್ನಡ ಲಿಪಿಯಲ್ಲಿ ಒತ್ತನ್ನು ತೋರಿಸುವ ಚಿಹ್ನೆಯಿಲ್ಲ, ಮಸುಕು ಸ್ವರಕ್ಕೂ ಅಕ್ಷರವಿಲ್ಲ. ಅಚ್ಚಿನ ಮನೆಯಲ್ಲಿ ದಪ್ಪ ಅಕ್ಷರವಂತೂ ಇದೆ. ಉಚ್ಚಾರ ಕೊಡುವಾಗ ಪದವನ್ನು ಅಡ್ಡಗೆರೆಯಿಂದ ಬಿಡಿಸಿ, ಒತ್ತಿನ ಭಾಗವನ್ನು ದಪ್ಪಗೆ, ಮಸುಕಾದವನ್ನು ಚಿಕ್ಕದಾಗಿ ಅಚ್ಚು ಮಾಡಿದರಾಯಿತು. ಮೊದಲ ವಾರಕ್ಕೆ ಒಂದೇ ಕುಟುಂಬದ ಮೂರು ಪದ ಇಡಬಹುದು: ‘ಫೋ-ಟ-ಗ್ರಾಫ್’ನಲ್ಲಿ ‘ಫೋ’ ದಪ್ಪ, ‘ಫ-ಟಾ-ಗ್ರ-ಫಿ’ಯಲ್ಲಿ ‘ಟಾ’ ದಪ್ಪ, ‘ಫೋ-ಟ-ಗ್ರಾ-ಫಿಕ್’ನಲ್ಲಿ ‘ಗ್ರಾ’ ದಪ್ಪ.

ಇಂತಿ,
ಇಂಗ್ಲಿಷ್ ಬೋಧಕರೊಬ್ಬರು, ಮೈಸೂರು