ಅಳದೇ ಇರೋ ಅಕ್ಕನ್ನ ಕಲ್ಲು ಮಾಡ್ಬೇಡಿ

ಸಂಪಾದಕರೇ, ನಮಸ್ಕಾರ.

ಅಮ್ಮನ್ನ ಕಳ್ಕೊಂಡ ಅಕ್ಕ ತಮ್ಮನ ಕಥೆ ಇರೋ ಶಾರ್ಟ್ ಫಿಲ್ಮ್ ಬಗ್ಗೆ ನಿಮ್ಮ ಸಿನಿಮಾ ಪುಟದಲ್ಲಿ ಬಂದಿದ್ದ ವಿಮರ್ಶೆ ಓದಿ ಆಮೇಲೆ ಫಿಲ್ಮೂ ನೋಡ್ದೆ. ತಮ್ಮನ ಪಾತ್ರ ಮಾಡಿರೋ ಹುಡುಗ ಸಖತ್ತಾಗಿ ಮಾಡಿದಾನೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನಿಮ್ಮ ವಿಮರ್ಶಕರು ಬಾಯ್ತುಂಬ ಹೊಗಳಿರೋ ಕ್ಲೈಮ್ಯಾಕ್ಸ್ ಇದ್ಯಲ್ಲ, ನನ್ನ ತಕರಾರು ಅದ್ರ ಮೇಲೇನೇ.

ತಮ್ಮ ಊಟ ನಿದ್ದೆ ಬಿಟ್ಟು ಅಮ್ಮನ ಹಳೇ ವಾಯ್ಸ್ ಮೆಸೇಜ್ ಕೇಳ್ಕೊಂಡು ಕೂತಿರ್ತಾನೆ, ಅಕ್ಕ ಡೆತ್ ಸರ್ಟಿಫಿಕೇಟ್‌ಗೆ ಓಡಾಡ್ತಾಳೆ, ಬ್ಯಾಂಕ್ ಕೆಲಸ ಮುಗಿಸ್ತಾಳೆ, ಬೀರು ಖಾಲಿ ಮಾಡ್ತಾಳೆ. "ನಿಂಗೇನೂ ಅನ್ಸೋದೇ ಇಲ್ವಾ" ಅಂತ ತಮ್ಮ ಕೂಗಾಡ್ತಾನೆ. ಕೊನೇಲಿ ಅಮ್ಮನ ಬಟ್ಟೆ ತಬ್ಕೊಂಡು ಅಕ್ಕ ಗೊಳೋ ಅಂತ ಅಳ್ತಾಳೆ, ಪಿಟೀಲು ಶುರುವಾಗುತ್ತೆ, ತಮ್ಮ ಕ್ಷಮಿಸ್ತಾನೆ. ಯಾವ ತಪ್ಪಿಗೆ ಕ್ಷಮೆ ಸ್ವಾಮಿ? ಅಷ್ಟೊತ್ತು ಅವಳು ಮಾಡಿದ್ದೆಲ್ಲಾ ದುಃಖ ಅಲ್ವಾ?

ದುಃಖದ ಬಗ್ಗೆ ಅಧ್ಯಯನ ಮಾಡಿರೋ ಕೆನೆತ್ ಡೋಕಾ ಮತ್ತೆ ಟೆರ್ರಿ ಮಾರ್ಟಿನ್ ಅನ್ನೋರು ಇದನ್ನೇ ಹೇಳ್ತಾರೆ, ಕೆಲವರ ದುಃಖ ಕಣ್ಣೀರಾಗಿ ಬರುತ್ತೆ, ಕೆಲವರದ್ದು ಕೆಲಸವಾಗಿ ಯೋಚನೆಯಾಗಿ ಬರುತ್ತೆ, ತುಂಬಾ ಜನರಲ್ಲಿ ಎರಡೂ ಬೆರೆತಿರುತ್ತೆ ಅಂತ. 1999ರಲ್ಲಿ ಸ್ಟ್ರೋಬ ಮತ್ತೆ ಶುಟ್ ಅನ್ನೋ ಸಂಶೋಧಕರು ಕೊಟ್ಟ ವಿವರಣೆ ಪ್ರಕಾರಾನೂ ದುಃಖದಲ್ಲಿರೋ ಮನುಷ್ಯ ಒಂದ್ಸಲ ಹೋದವರ ನೆನಪಿನ ಕಡೆ, ಒಂದ್ಸಲ ಮುಂದಿನ ಬದುಕಿನ ಕಡೆ ಹೊಯ್ದಾಡ್ತಾನೇ ಇರ್ತಾನೆ, ಅದು ಸಹಜ. ನಿಮ್ಮ ವಿಮರ್ಶಕರು ಮಾತ್ರ "ದುಃಖದ ಐದೂ ಹಂತ ಅಚ್ಚುಕಟ್ಟಾಗಿ ಬಂದಿದೆ" ಅಂತ ಬರ್ದಿದಾರೆ. ಎಲಿಸಬೆತ್ ಕೂಬ್ಲರ್ ರಾಸ್ ಅನ್ನೋ ಮನೋವೈದ್ಯೆ 1969ರಲ್ಲಿ ಆ ಹಂತಗಳನ್ನ (ನಂಬದೇ ಇರೋದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಕೊಳ್ಳೋದು) ಬರೆದಿದ್ದು ಸಾವಿನ ಹತ್ರ ಇದ್ದ ರೋಗಿಗಳ ಜೊತೆ ಮಾತಾಡಿ, ಹಿಂದೆ ಉಳಿದವರು ಒಂದೊಂದಾಗಿ ಹತ್ಬೇಕಾದ ಮೆಟ್ಟಿಲು ಅಂತ ಅಲ್ಲ. ಈಗ ನೋಡಿದ್ರೆ ಸ್ಕ್ರಿಪ್ಟ್ ಬರೆಯೋರಿಗೆಲ್ಲಾ ಅದೇ ಟೈಂಟೇಬಲ್ ಆಗ್ಬಿಟ್ಟಿದೆ, ಸಿಟ್ಟು ಬಂತಾ ಟಿಕ್, ಅಳು ಬಂತಾ ಟಿಕ್.

ಒಡಹುಟ್ಟಿದವರ ವಿಷ್ಯದಲ್ಲಿ ಇನ್ನೂ ಒಂದಿದೆ, ಈ ಫಿಲ್ಮ್ ಅದನ್ನ ಮುಟ್ಟಿ ಹಂಗೇ ಬಿಟ್ಟಿದೆ. ಒಂದೇ ತಾಯಿ ಆದ್ರೂ ಇಬ್ರು ಕಳ್ಕೊಂಡಿರೋದು ಒಂದನ್ನೇ ಅಲ್ಲ. ದೊಡ್ಡೋಳು ಸಣ್ಣ ವಯಸ್ಸಿಂದಾನೇ ಅಮ್ಮನ ಅರ್ಧ ಜವಾಬ್ದಾರಿ ಹೊತ್ತಿರ್ತಾಳೆ, ಅವಳಿಗೆ ಹೋಗಿದ್ದು ಅಮ್ಮನೂ ಹೌದು, ಕಷ್ಟ ಹೇಳ್ಕೋತಿದ್ದ ಒಂದೇ ಜಾಗಾನೂ ಹೌದು, ಚಿಕ್ಕೋನಿಗೆ ಇನ್ನೂ ಯಾರೋ ತನ್ನ ನೋಡ್ಕೋತಾರೆ ಅನ್ನೋ ಧೈರ್ಯವೇ ಹೋಗಿರುತ್ತೆ, ಆ ಧೈರ್ಯಾನ ಅವನು ಅಕ್ಕನ ಹತ್ರ ಹುಡುಕ್ತಾನೆ, ಅವಳು ಕೊಡೋಕೆ ಹೋಗಿ ತನ್ನದನ್ನ ಬಾಯ್ಬಿಡೋದೇ ಇಲ್ಲ. ಇವಳು ಅತ್ರೆ ಅವನು ಕುಸೀತಾನೆ ಅಂತ ಇವಳು ಸುಮ್ನಿರ್ತಾಳೆ, ಅದನ್ನೇ ಅವನು ಕಲ್ಲುಮನಸ್ಸು ಅನ್ಕೋತಾನೆ. ಇದಕ್ಕೆ ಮಧ್ಯೆ ಚಿಕ್ಕಂದಿನ ಲೆಕ್ಕ ಬೇರೆ ಹೊರಗೆ ಬರುತ್ತೆ, ಅಮ್ಮಂಗೆ ಯಾರ ಮೇಲೆ ಜಾಸ್ತಿ ಪ್ರೀತಿ, ಕೊನೇ ದಿನ ಯಾರು ಹತ್ರ ಇದ್ರು. ಫಿಲ್ಮಲ್ಲಿ ಬೀರು ಖಾಲಿ ಮಾಡೋ ಸೀನಲ್ಲಿ ಇದೆಲ್ಲಾ ಬರೋ ಹಂಗಿತ್ತು, ಅಷ್ಟರಲ್ಲಿ ಕಟ್.

ಆಸ್ಕರ್ ಲೆಕ್ಕದಲ್ಲಿ ಟೈಟಲ್ಲೂ ಸೇರಿ 40 ನಿಮಿಷದೊಳಗಿದ್ರೆ ಶಾರ್ಟ್ ಫಿಲ್ಮು. ಅಷ್ಟು ಟೈಮಲ್ಲಿ ಒಂದು ಮನೆಯ ದುಃಖ ಮುಗಿಸ್ಬೇಕು ಅಂತ ಯಾರೂ ಕೇಳ್ತಿಲ್ಲ, ಪ್ರೊಡ್ಯೂಸರ್ ಒತ್ತಡಾನೂ ಸಿನಿಮಾದಷ್ಟು ಇರಲ್ಲ, ಜಗಳ ಅರ್ಧಕ್ಕೇ ನಿಂತ್ರೂ ನಡೆಯುತ್ತೆ. ಮುಂದೆ ಇಂಥ ಫಿಲ್ಮ್ ರಿವ್ಯೂ ಮಾಡೋವಾಗ ಎಷ್ಟು ಅಳಿಸ್ತು ಅನ್ನೋದಕ್ಕೇ ಸ್ಟಾರ್ ಕೊಡೋ ಬದ್ಲು, ಅಕ್ಕನ ಪಾತ್ರಾನ ಅಳಿಸದೇ ನಿಭಾಯಿಸೋಕೆ ಡೈರೆಕ್ಟರ್‌ಗೆ ಯಾಕೆ ಆಗ್ಲಿಲ್ಲ ಅಂತ ನಿಮ್ಮ ವಿಮರ್ಶಕರು ಒಂದು ಸಾಲಾದ್ರೂ ಕೇಳ್ಲಿ.

ಇಂತಿ,
ನಿಮ್ಮ ಓದುಗ