ಎಲ್ಟ್ಸ್ ಕೋಟೆಗೆ ಶೈಕ್ಷಣಿಕ ಪ್ರವಾಸ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಏಳು ಮತ್ತು ಎಂಟನೆಯ ತರಗತಿಯ ಮಕ್ಕಳನ್ನು ಬರುವ ಮೇ ತಿಂಗಳಲ್ಲಿ, ಜರ್ಮನಿಯ ಮೋಸೆಲ್ ನದಿಗೆ ಸಮೀಪದ ಕಾಡುಕಣಿವೆಯಲ್ಲಿರುವ ಎಲ್ಟ್ಸ್ ಕೋಟೆಗೆ ಕರೆದೊಯ್ಯಲು ನಿರ್ಧರಿಸಿದ್ದೇವೆ. ಆ ನದಿಯ ದಂಡೆಯುದ್ದಕ್ಕೂ ಹಲವು ಕೋಟೆಗಳಿರುವಾಗ ಇದನ್ನೇ ಆರಿಸಿಕೊಂಡ ಕಾರಣವನ್ನು ತಮಗೆ ತಿಳಿಸುವುದು ಅಗತ್ಯವೆಂದು ಭಾವಿಸುತ್ತೇನೆ.

1157ರ ದಾನಪತ್ರವೊಂದರಲ್ಲಿ ಕೋಟೆಯ ಒಡೆಯರಾದ ಎಲ್ಟ್ಸ್ ಮನೆತನದ ರುಡಾಲ್ಫ್ ಎಂಬುವರ ಹೆಸರು ಸಾಕ್ಷಿಯಾಗಿ ದಾಖಲಾಗಿದೆ. ಇಂದಿಗೂ ಕೋಟೆ ಅದೇ ವಂಶದವರ ಒಡೆತನದಲ್ಲಿದೆ. 1268ರಲ್ಲಿ ಈ ಮನೆತನದ ಮೂವರು ಅಣ್ಣತಮ್ಮಂದಿರು ಪಾಲಾದರೂ ಯಾರೂ ಮೂಲಸ್ಥಾನವನ್ನು ಬಿಟ್ಟುಕೊಡಲಿಲ್ಲ. ಮೂರು ಕವಲಿನವರೂ ಒಂದೇ ಬಂಡೆಯ ಮೇಲೆ, ಒಂದೇ ಒಳಅಂಗಳದ ಸುತ್ತ ತಮ್ಮ ತಮ್ಮ ಮನೆಗಳನ್ನು ಎಬ್ಬಿಸಿಕೊಂಡದ್ದರಿಂದಲೇ ಅಲ್ಲಿನ ಗೋಪುರಗಳು ಅಷ್ಟು ಒತ್ತೊತ್ತಾಗಿ ನಿಂತಿವೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಜೀರ್ಣೋದ್ಧಾರದ ಸಂಗತಿ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಪಾಳುಬಿದ್ದ ಕೋಟೆಗಳನ್ನು ತಮ್ಮ ಕಲ್ಪನೆಗೆ ತಕ್ಕಂತೆ ಹೊಸದಾಗಿಯೇ ಕಟ್ಟಿಬಿಡುವ ಹುಮ್ಮಸ್ಸು ಹಬ್ಬಿತ್ತು. ಅಂಥ ಕಾಲದಲ್ಲಿ, 1845ರಿಂದ 1888ರವರೆಗೆ, ಒಡೆಯರಾದ ಕೌಂಟ್ ಕಾರ್ಲ್ ಅವರು ಇದ್ದ ಕಟ್ಟಡದ ಸ್ವರೂಪಕ್ಕೆ ಧಕ್ಕೆ ಬಾರದಂತೆ ಬಹಳ ಎಚ್ಚರದಿಂದ ದುರಸ್ತಿ ನಡೆಸಿದರು. ಮಾಡಬಹುದಾದರೂ ಮಾಡದೆ ಬಿಡುವ ಆ ಸಂಯಮವನ್ನು ಮಕ್ಕಳು ಪುಸ್ತಕದಿಂದ ಕಲಿಯುವುದಕ್ಕಿಂತ ಗೋಡೆಗಳ ಎದುರು ನಿಂತು ಕಲಿಯುವುದು ಮೇಲು.

ಒಳಗೆ ಮೂರು ಕವಲಿನವರೂ ಸೇರುತ್ತಿದ್ದ ವೀರಯೋಧರ ಸಭಾಂಗಣವಿದೆ. ಅಲ್ಲಿ ಕೆತ್ತಿರುವ ವಿದೂಷಕರ ಮುಖಗಳು, ಇಲ್ಲಿ ಯಾರು ಬೇಕಾದರೂ ಮನಸ್ಸಿನಲ್ಲಿದ್ದದ್ದನ್ನು ಆಡಬಹುದೆಂಬುದರ ಸಂಕೇತ. ಬಾಗಿಲ ಮೇಲಿನ ಗುಲಾಬಿ, ಆಡಿದ ಮಾತು ಹೊಸಿಲು ದಾಟಬಾರದೆಂಬುದರ ಸಂಕೇತ. ಈ ಎರಡನ್ನೂ ಹುಡುಕಿ, ನೋಡಿ, ಶಾಲೆಗೆ ಮರಳಿದ ಮೇಲೆ ನೆನಪಿನಿಂದ ಚಿತ್ರಿಸುವಂತೆ ಮಕ್ಕಳಿಗೆ ಹೇಳಲಾಗುವುದು, ಏಕೆಂದರೆ ಒಳಗೆ ಛಾಯಾಚಿತ್ರ ತೆಗೆಯಲು ಅನುಮತಿಯಿಲ್ಲ.

ಕೋಣೆಗಳನ್ನು ಮಾರ್ಗದರ್ಶಕರ ಜೊತೆಯಲ್ಲಿಯೇ ನೋಡಬೇಕು. ಅದು ಇಂದಿಗೂ ಒಂದು ಕುಟುಂಬದ ಸ್ವತ್ತು; ಗೋಡೆಚಿತ್ರಗಳನ್ನಾಗಲಿ ಪೀಠೋಪಕರಣಗಳನ್ನಾಗಲಿ ಮುಟ್ಟದೆ, ಇನ್ನೊಬ್ಬರ ಮನೆಗೆ ಹೋದ ಅತಿಥಿಗಳಂತೆ ನಡೆದುಕೊಳ್ಳಬೇಕೆಂದು ತಾವೂ ಮನೆಯಲ್ಲಿ ತಿಳಿಹೇಳಬೇಕೆಂದು ಕೋರುತ್ತೇನೆ. ವಾಹನ ನಿಲ್ದಾಣದಿಂದ ಕೋಟೆಯವರೆಗೆ ಇಳಿಜಾರಿನ ಹಾದಿಯಲ್ಲಿ ನಡೆಯಬೇಕಾಗಿರುವುದರಿಂದ ಜಾರದ ಬೂಟುಗಳನ್ನು ಹಾಕಿ ಕಳುಹಿಸಿರಿ. ಮೆಟ್ಟಿಲು ಹತ್ತಲು ಕಷ್ಟವಾಗುವ ಅಥವಾ ನಿತ್ಯ ಔಷಧಿ ತೆಗೆದುಕೊಳ್ಳುವ ಮಕ್ಕಳಿದ್ದರೆ ತರಗತಿ ಶಿಕ್ಷಕರಿಗೆ ಮುಂಚಿತವಾಗಿ ತಿಳಿಸಿ, ಲಗತ್ತಿಸಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಈ ತಿಂಗಳ ಕೊನೆಯೊಳಗೆ ತಲುಪಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು